ಏಕತಾನತೆಯ ಮರುವಿಚಾರ: ಜನಪದ ಗಾಯನದಲ್ಲಿ ಒಂದೇ ಸ್ವರದ ಅರ್ಥಶಕ್ತಿ

1

ಕನ್ನಡ ಜನಪದ ಗಾಯನವನ್ನು ಕುರಿತ ಬರವಣಿಗೆಯಲ್ಲಿ ಮೇಲಿಂದ ಮೇಲೆ ಎದುರಾಗುವ ಪದಗಳಲ್ಲಿ ‘ಏಕತಾನತೆ’ಯೂ ಒಂದು. ಸಂಗ್ರಹಗಳ ಪ್ರಸ್ತಾವನೆಗಳಲ್ಲಿ, ಸಂಶೋಧನ ಪ್ರಬಂಧಗಳ ಕೊನೆಯಲ್ಲಿ ಬರುವ ‘ಸಂಗೀತಾಂಶ’ ಎಂಬ ಕಿರು ಅಧ್ಯಾಯಗಳಲ್ಲಿ, ವಿಚಾರಸಂಕಿರಣಗಳ ಚರ್ಚೆಗಳಲ್ಲಿ ಒಂದು ತೀರ್ಮಾನ ಬಹುಮಟ್ಟಿಗೆ ಒಂದೇ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ: ಧಾಟಿ ಸರಳವಾದುದು, ಸ್ವರವ್ಯಾಪ್ತಿ ಕಿರಿದು, ಗಾಯನದಲ್ಲಿ ಏಕತಾನತೆಯಿದೆ, ಆದರೆ ಸಾಹಿತ್ಯ ಸಮೃದ್ಧವಾದುದು. ನನ್ನ ಸಂಶೋಧನ ಪ್ರಬಂಧದಲ್ಲಿಯೂ ಈ ಅರ್ಥದ ವಾಕ್ಯವೊಂದಿದೆ. ಅದನ್ನು ಬರೆಯುವಾಗ ನನಗೆ ಯಾವ ಸಂದೇಹವೂ ಬಂದಿರಲಿಲ್ಲ, ಪರೀಕ್ಷಕರಿಗೂ ಬರಲಿಲ್ಲ. ಪ್ರಸ್ತುತ ಲೇಖನವು ಆ ವಾಕ್ಯವನ್ನು ಹಿಂತೆಗೆದುಕೊಳ್ಳುವ ಪ್ರಯತ್ನ.

ಮೊದಲು ಪದವನ್ನೇ ಗಮನಿಸೋಣ. ಇಂದಿನ ಕನ್ನಡದಲ್ಲಿ ‘ಏಕತಾನತೆ’ ಎಂದರೆ ಬೇಸರ ಹುಟ್ಟಿಸುವ ಒಂದೇ ಬಗೆ. ಆದರೆ ಸಂಸ್ಕೃತದಲ್ಲಿ ‘ಏಕತಾನ’ ಎಂಬುದಕ್ಕೆ ಒಂದೇ ವಸ್ತುವಿನಲ್ಲಿ ನೆಟ್ಟ, ಬೇರೆಡೆಗೆ ಹರಿಯದ ಎಂಬ ಅರ್ಥವಿದೆ. ಪತಂಜಲಿಯ ಯೋಗಸೂತ್ರವು ಧ್ಯಾನದ ಲಕ್ಷಣವನ್ನು ಹೇಳುವಾಗ ಬಳಸುವುದು ಈ ಪದವನ್ನೇ. ಒಂದು ಪದ ಏಕಾಗ್ರತೆಯನ್ನೂ ಬೇಸರವನ್ನೂ ಸೂಚಿಸಬಲ್ಲುದಾದರೆ ಆ ಎರಡರ ನಡುವಿನ ವ್ಯತ್ಯಾಸ ಧ್ವನಿಯಲ್ಲಿದೆಯೋ ಕೇಳುವವರಲ್ಲಿದೆಯೋ ಎಂಬ ಪ್ರಶ್ನೆ ಏಳುತ್ತದೆ. ನಮ್ಮ ಅಧ್ಯಯನಗಳು ಆ ಪ್ರಶ್ನೆಯನ್ನು ಕೇಳಿಕೊಳ್ಳದೆ ಎರಡನೆಯ ಅರ್ಥವನ್ನೇ ಆರಿಸಿಕೊಂಡಿವೆ.

ಈ ಲೇಖನದ ವಾದವನ್ನು ಸಂಗ್ರಹವಾಗಿ ಹೀಗೆ ಹೇಳಬಹುದು: ಜನಪದ ಗಾಯನದಲ್ಲಿ ಒಂದೇ ಸ್ವರ ಎಂದರೆ ಒಬ್ಬರ ಸ್ವರವಲ್ಲ. ಗಾಯಕ ಅಥವಾ ಗಾಯಕಿಯ ಕಂಠದ ಹೊರಗಿರುವ ಇನ್ನೊಂದು ದನಿ, ಅದು ತಂತಿಯದಾಗಿರಬಹುದು, ಕಲ್ಲಿನದಾಗಿರಬಹುದು, ಹಿಮ್ಮೇಳದ್ದಾಗಿರಬಹುದು, ಹಾಡಿನೊಳಗೆ ಪಾಲ್ಗೊಳ್ಳುವುದು ಆ ಸ್ವರದ ಮೂಲಕ. ಅದನ್ನು ಹಿನ್ನೆಲೆಯೆಂದು ಬದಿಗಿಟ್ಟರೆ ನಾವು ಕಳೆದುಕೊಳ್ಳುವುದು ಅಲಂಕಾರವನ್ನಲ್ಲ, ಅರ್ಥವನ್ನು.

2

ಒಂದು ಸ್ವರದ ಗಾಯನವನ್ನು ಕೊರತೆಯೆಂದು ಕಾಣುವ ದೃಷ್ಟಿಗೆ ಶಾಸ್ತ್ರದ ಬೆಂಬಲವಿದೆಯೆಂದು ಅನೇಕರು ಭಾವಿಸುತ್ತಾರೆ. ನಾರದೀಯ ಶಿಕ್ಷೆಯಲ್ಲಿ ಆರ್ಚಿಕ, ಗಾಥಿಕ, ಸಾಮಿಕ, ಸ್ವರಾಂತರ ಎಂಬ ವಿಭಾಗವಿದೆ. ಇವನ್ನು ಕ್ರಮವಾಗಿ ಒಂದು, ಎರಡು, ಮೂರು, ನಾಲ್ಕು ಸ್ವರಗಳ ಗಾಯನವೆಂದು ವಿವರಿಸುವುದು ವಾಡಿಕೆ. ಈ ವಿಭಾಗವನ್ನು ನಮ್ಮ ಕಾಲದ ಬರಹಗಳು ಒಂದು ಏಣಿಯನ್ನಾಗಿ ಮಾಡಿಕೊಂಡವು: ಮನುಷ್ಯ ಮೊದಲು ಒಂದು ಸ್ವರದಲ್ಲಿ ಹಾಡಿದ, ಆಮೇಲೆ ಎರಡರಲ್ಲಿ, ಕ್ರಮೇಣ ಏಳನ್ನು ತಲುಪಿ ರಾಗವನ್ನು ಕಂಡುಕೊಂಡ. ಈ ಏಣಿಯ ಕೆಳಗಿನ ಮೆಟ್ಟಿಲುಗಳಲ್ಲಿ ಜನಪದರನ್ನು ನಿಲ್ಲಿಸುವುದು ಸುಲಭವಾಯಿತು.

ಆದರೆ ಮೂಲದಲ್ಲಿರುವುದು ಪ್ರಯೋಗಭೇದವೇ ಹೊರತು ವಿಕಾಸದ ಚರಿತ್ರೆಯಲ್ಲ. ಋಕ್ಕು, ಗಾಥೆ, ಸಾಮ ಎಂಬ ಬೇರೆ ಬೇರೆ ಉಚ್ಚಾರಣೆಗಳಿಗೆ ಬೇರೆ ಬೇರೆ ಸ್ವರಕ್ರಮಗಳಿವೆ ಎಂಬಷ್ಟನ್ನೇ ಅದು ಹೇಳುತ್ತದೆ. ಆರ್ಚಿಕ ಎಂಬ ಹೆಸರು ಬಂದಿರುವುದು ಋಕ್ಕಿನಿಂದ ಎಂಬುದನ್ನು ನೆನೆದರೆ ಸಾಕು. ಮಂತ್ರಪಾಠದ ಕಿರಿದಾದ ಸ್ವರವ್ಯಾಪ್ತಿಯನ್ನು ಯಾರೂ ಬಡತನವೆಂದು ಬರೆದಿಲ್ಲ. ಅದನ್ನು ನಿಯಮವೆಂದೂ ಸಂಯಮವೆಂದೂ ಬರೆದಿದ್ದಾರೆ. ಅದೇ ವ್ಯಾಪ್ತಿ ನೀಲಗಾರನ ಕಂಠದಲ್ಲಿ ಕೇಳಿಬಂದಾಗ ಮಾತ್ರ ಅದು ‘ಆದಿಮ’ವಾಗುತ್ತದೆ. ಇಲ್ಲಿ ಅಳತೆಗೆ ಸಿಕ್ಕಿರುವುದು ಸ್ವರವಲ್ಲ, ಹಾಡುವವರ ಸಾಮಾಜಿಕ ಸ್ಥಾನ.

ಶಾಸ್ತ್ರಪರಂಪರೆಯಲ್ಲಿಯೇ ಇನ್ನೊಂದು ಎಳೆಯೂ ಇದೆ. ಮತಂಗನ ಬೃಹದ್ದೇಶಿಯು ‘ಸ್ವರ’ ಶಬ್ದವನ್ನು ತಾನೇ ತಾನಾಗಿ ಬೆಳಗುವುದು ಎಂಬ ಅರ್ಥದಲ್ಲಿ ಬಿಡಿಸುತ್ತದೆ. ಬೆಳಗಲು ಅದಕ್ಕೆ ಇನ್ನೊಂದು ಸ್ವರದ ಆಸರೆ ಬೇಕಿಲ್ಲ ಎಂಬುದು ಇದರ ಫಲಿತಾರ್ಥ. ಹದಿಮೂರನೆಯ ಶತಮಾನದ ಸಂಗೀತರತ್ನಾಕರದಲ್ಲಿ ಶಾರ್ಙ್ಗದೇವನು ವೀಣೆಗಳನ್ನು ವರ್ಣಿಸುವಾಗ ಒಂದೇ ತಂತಿಯ ಏಕತಂತ್ರೀ ವೀಣೆಗೆ ಗೌರವದ ಸ್ಥಾನವನ್ನು ಕೊಟ್ಟಿದ್ದಾನೆ. ಹೀಗಿದ್ದರೂ ‘ನಾದಬ್ರಹ್ಮ’ದಂತಹ ದೊಡ್ಡ ಮಾತುಗಳ ಮೊರೆ ಹೋಗಿ ಜನಪದರ ಒಂದು ಸ್ವರವನ್ನು ಅನುಭಾವವೆಂದು ಎತ್ತಿ ಹಿಡಿಯುವುದು ನನ್ನ ಉದ್ದೇಶವಲ್ಲ. ಆದಿಮವೆಂದು ಕೆಳಗಿಡುವುದು, ಅನುಭಾವವೆಂದು ಮೇಲೇರಿಸುವುದು ಎರಡೂ ಕೇಳುವ ಕೆಲಸವನ್ನು ತಪ್ಪಿಸಿಕೊಳ್ಳುವ ದಾರಿಗಳೇ. ಆ ಸ್ವರ ಪ್ರದರ್ಶನದಲ್ಲಿ ಯಾವ ಕೆಲಸವನ್ನು ಮಾಡುತ್ತದೆ ಎಂಬುದನ್ನು ಮೂರು ಸಂದರ್ಭಗಳಲ್ಲಿ ಪರಿಶೀಲಿಸುವುದು ಹೆಚ್ಚು ಉಪಯುಕ್ತ.

3

ಮೊದಲನೆಯದು ನೀಲಗಾರರ ತಂಬೂರಿ. ಮಂಟೇಸ್ವಾಮಿ ಪರಂಪರೆಯ ಗಾಯಕರಾದ ನೀಲಗಾರರು ಮೈಸೂರು, ಮಂಡ್ಯ, ಚಾಮರಾಜನಗರ ಜಿಲ್ಲೆಗಳಲ್ಲಿ ಇಡೀ ರಾತ್ರಿ ಕಥೆಯನ್ನು ಹಾಡುತ್ತಾರೆ. ಮುಖ್ಯ ಗಾಯಕನ ಕೈಯಲ್ಲಿ ತಂಬೂರಿ ಮತ್ತು ಗಗ್ಗರ, ಹಿಮ್ಮೇಳದವರಲ್ಲಿ ಡಕ್ಕೆ ಮತ್ತು ತಾಳ. ಕಥೆಯನ್ನು ‘ಸಾಲು’ಗಳೆಂಬ ಭಾಗಗಳಲ್ಲಿ ಹಾಡಲಾಗುತ್ತದೆ. ಈ ಕಾವ್ಯದ ಪಠ್ಯಕ್ಕೆ ನಮ್ಮ ವಿದ್ವತ್ತು ಸಲ್ಲಿಸಿರುವ ಸೇವೆ ದೊಡ್ಡದು. ಹಿ.ಚಿ. ಬೋರಲಿಂಗಯ್ಯನವರ ಸಂಪಾದಕತ್ವದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯವು 1997ರಲ್ಲಿ ಪ್ರಕಟಿಸಿದ ‘ಮಂಟೇಸ್ವಾಮಿ’ ಮಹಾಕಾವ್ಯದ ಸಂಪುಟ ಇದಕ್ಕೆ ಸಾಕ್ಷಿ. ಪಠ್ಯವು ಹೀಗೆ ದೊರೆತಿರುವುದರಿಂದಲೇ ಅದರಾಚೆಗಿನ ದನಿಯನ್ನು ಕುರಿತು ಕೇಳುವ ಅವಕಾಶ ನಮಗೆ ಸಿಕ್ಕಿದೆ.

ಸಂಶೋಧನ ವಿದ್ಯಾರ್ಥಿನಿಯಾಗಿದ್ದಾಗ ಚಿಕ್ಕಲ್ಲೂರು ಜಾತ್ರೆಯಲ್ಲಿ ನಾನು ಒಬ್ಬ ಹಿರಿಯ ನೀಲಗಾರರ ಹಾಡನ್ನು ಧ್ವನಿಮುದ್ರಿಸಿಕೊಂಡೆ. ನನ್ನಲ್ಲಿದ್ದುದು ಅರವತ್ತು ನಿಮಿಷದ ಕೆಲವೇ ಕ್ಯಾಸೆಟ್ಟುಗಳು. ಅವರು ತಂಬೂರಿಯನ್ನು ಮೀಟುತ್ತ, ಕಿವಿಯನ್ನು ಬುರುಡೆಯ ಹತ್ತಿರ ತಂದು, ಮತ್ತೆ ಮೀಟುತ್ತ ಬಹಳ ಹೊತ್ತು ಕುಳಿತರು. ಅದು ಶ್ರುತಿ ಮಾಡಿಕೊಳ್ಳುವ ಪೂರ್ವಸಿದ್ಧತೆಯೆಂದು ಭಾವಿಸಿ ನಾನು ಯಂತ್ರವನ್ನು ನಿಲ್ಲಿಸಿದ್ದೆ. ಮಾತು ಆರಂಭವಾದಾಗ ಗುಂಡಿ ಒತ್ತಿದೆ. ಬೆಳಗ್ಗೆ ಅವರಿಗೆ ಮುದ್ರಣವನ್ನು ಕೇಳಿಸಿದಾಗ ಅವರು ಹೇಳಿದ ಮಾತು ಇದು: “ದನಿ ಕೂಡಗಂಟ ಅಪ್ಪ ಬರಕಿಲ್ಲ ಕನವ್ವ. ನೀವು ಅದ್ನೇ ಬುಟ್ಬುಟ್ಟು ಇಡ್ಕಂಡಿದೀರಿ.”

ಈ ಮಾತನ್ನು ನಾನು ಬಹುಕಾಲ ಭಕ್ತಿಯ ಮಾತೆಂದು ಮಾತ್ರ ತಿಳಿದಿದ್ದೆ. ಅದು ಕಲೆಯನ್ನು ಕುರಿತ ನಿಖರವಾದ ಹೇಳಿಕೆಯೂ ಹೌದು ಎಂಬುದು ಹೊಳೆದದ್ದು ಅದೇ ರಾತ್ರಿಯ ಕೆಂಪಾಚಾರಿಯ ಸಾಲನ್ನು ಮತ್ತೆ ಮತ್ತೆ ಕೇಳಿದ ಮೇಲೆ. ನಿಡುಘಟ್ಟದ ಆಚಾರಿಗಳ ಮನೆಯ ಮಗ ಕೆಂಪಾಚಾರಿಯನ್ನು ಮಂಟೇಸ್ವಾಮಿ ತನ್ನ ಶಿಶುಮಗನಾಗಿ ಬೇಡುತ್ತಾನೆ. ಆ ಹುಡುಗನೇ ಮುಂದೆ ಸಿದ್ಧಪ್ಪಾಜಿಯಾಗುತ್ತಾನೆ. ಬೇಡಿಕೆಯ ವರೆಗಿನ ಕಥೆಯನ್ನು ಗಾಯಕರು ಏರಿಳಿತಗಳುಳ್ಳ ಧಾಟಿಯಲ್ಲಿ ಹಾಡಿದರು. ಹಿಮ್ಮೇಳದವರು ಪ್ರತಿ ಸಾಲಿಗೂ ಸೊಲ್ಲು ಕೊಟ್ಟರು. ಹೆತ್ತವರ ದುಃಖದ ಮಾತು ಬಂದಾಗ ಕಂಠ ಇನ್ನಷ್ಟು ಏರುವುದೆಂದು, ಬಾಗುವುದೆಂದು ನಿರೀಕ್ಷಿಸುವುದು ಸಹಜ. ನಡೆದದ್ದು ಅದಲ್ಲ. ಡಕ್ಕೆ ನಿಂತಿತು, ತಾಳ ನಿಂತಿತು, ಧಾಟಿಯೂ ನಿಂತಿತು. ಉಳಿದದ್ದು ತಂಬೂರಿಯ ದನಿಯೊಂದೇ. ಅದೇ ಎತ್ತರದಲ್ಲಿ, ಒಂದೇ ಸ್ವರದ ಮೇಲೆ, ಹಾಡೂ ಅಲ್ಲದ ಮಾತೂ ಅಲ್ಲದ ರೀತಿಯಲ್ಲಿ ಅವರು ಆ ಇಡೀ ಭಾಗವನ್ನು ಹೇಳಿದರು.

ಇಲ್ಲಿ ಒಂದು ಸ್ವರ ಮಾಡುತ್ತಿರುವ ಕೆಲಸವೇನು? ಧಾಟಿ ಎಂಬುದು ಗಾಯಕನದು; ಅದರಲ್ಲಿ ಅವನ ಕೌಶಲವಿದೆ, ಅವನ ಮೇಳದ ಗುರುತಿದೆ. ತಂಬೂರಿಯ ಸ್ವರ ಅವನದಲ್ಲ. ಅದು ರಾತ್ರಿಯೆಲ್ಲ ಅಲ್ಲಿತ್ತು, ಕಥೆಗೆ ಮೊದಲೇ ಇತ್ತು, ನೀಲಗಾರರ ನಂಬಿಕೆಯಲ್ಲಿ ‘ಅಪ್ಪ’ ಬಂದು ಕುಳಿತಿರುವುದು ಅದರಲ್ಲಿ. ಹೆತ್ತವರು ತಮ್ಮ ಮಗನನ್ನು ಕಸಿದುಕೊಳ್ಳಬೇಡವೆಂದು ಹೇಳುತ್ತಿರುವುದು ಆ ಅಪ್ಪನಿಗೇ. ಹಾಗಾಗಿ ಅವರ ಮೊರೆ, ಆ ಮೊರೆಗೆ ಕಾರಣನಾದವನ ಸ್ವರದ ಮೇಲೆಯೇ ನಿಲ್ಲುತ್ತದೆ. ದೂರುವವರಿಗೂ ದೂರು ಕೇಳುವವನಿಗೂ ಒಂದೇ ದನಿ. ಕಥೆಯ ಬಿಕ್ಕಟ್ಟು ಇರುವುದು ಇಲ್ಲಿಯೇ. ಮುದ್ರಿತ ಪಠ್ಯದಲ್ಲಿ ಈ ಭಾಗ ಹೆತ್ತವರ ಗೋಳಿನ ಹಲವು ಸಾಲುಗಳಾಗಿ ಮಾತ್ರ ಕಾಣುತ್ತದೆ. ಕೇಳಿಕೆಯಲ್ಲಿ ಅದು ದೇವರ ಎದುರಿಗೇ ದೇವರ ಮೇಲೆ ಹೂಡಿದ ವ್ಯಾಜ್ಯವಾಗುತ್ತದೆ. ಈ ಅರ್ಥವನ್ನು ಕೊಡುತ್ತಿರುವುದು ಪದಗಳಲ್ಲ, ಸ್ವರ.

ಮೌಖಿಕ ಕಾವ್ಯದ ಅಧ್ಯಯನಕ್ಕೆ ನಾವು ಬಳಸಿಕೊಂಡ ಸಿದ್ಧಾಂತದಲ್ಲಿಯೂ ಈ ಎಚ್ಚರ ಇರಬೇಕಿತ್ತು. ಮಿಲ್ಮನ್ ಪ್ಯಾರಿ 1933ರಿಂದ 1935ರ ವರೆಗೆ ಯುಗೊಸ್ಲಾವಿಯಾದಲ್ಲಿ ನಡೆಸಿದ ಕ್ಷೇತ್ರಕಾರ್ಯ ಹಾಗೂ ಆಲ್ಬರ್ಟ್ ಲಾರ್ಡ್ 1960ರಲ್ಲಿ ಪ್ರಕಟಿಸಿದ ಗ್ರಂಥದಿಂದ ‘ಸೂತ್ರ’ದ ಪರಿಕಲ್ಪನೆ ನಮಗೆ ಬಂದಿತು. ಅವರು ಕಂಡ ಗಾಯಕರು ಹಾಡುತ್ತಿದ್ದುದು ಗುಸ್ಲೆ ಎಂಬ ವಾದ್ಯದೊಡನೆ. ಅದಕ್ಕೆ ಸಾಮಾನ್ಯವಾಗಿ ಒಂದೇ ತಂತಿ. ವಾದ್ಯವಿಲ್ಲದೆ ಹೇಳಿ ಬರೆಸುವಾಗ ಗಾಯಕರ ಸಾಲುಗಳ ಅಳತೆ ತಪ್ಪುತ್ತಿದ್ದುದನ್ನು ಲಾರ್ಡ್ ಗಮನಿಸಿದ್ದರು. ನಾವು ಸೂತ್ರವನ್ನು ತೆಗೆದುಕೊಂಡೆವು, ತಂತಿಯನ್ನು ಅಲ್ಲಿಯೇ ಬಿಟ್ಟೆವು.

4

ಎರಡನೆಯ ಸಂದರ್ಭ ಬೀಸುಕಲ್ಲು. 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಸಂಗ್ರಹವನ್ನು ಹೊರತಂದಂದಿನಿಂದ ಬೀಸುವ ಪದಗಳ ತ್ರಿಪದಿಗಳು ಕನ್ನಡ ಕಾವ್ಯಾಸ್ವಾದದ ಅವಿಭಾಜ್ಯ ಭಾಗವಾಗಿವೆ. ಅವುಗಳ ಛಂದಸ್ಸು, ಪ್ರತಿಮೆ, ಕುಟುಂಬಚಿತ್ರಣ ಇವುಗಳ ಬಗ್ಗೆ ಸಾಕಷ್ಟು ಬರಹ ಬಂದಿದೆ. ಹಾಡುವಾಗ ಎರಡನೆಯ ಸಾಲಿನ ಭಾಗವೊಂದು ಮರಳಿ ಬಂದು ಮೂರು ಸಾಲು ನಾಲ್ಕಾಗುವ ಕ್ರಮವನ್ನೂ ವಿದ್ವಾಂಸರು ಗುರುತಿಸಿದ್ದಾರೆ. ಆದರೆ ಆ ಪದಗಳು ಎಂದೂ ಒಂಟಿಯಾಗಿ ಹುಟ್ಟಿದವಲ್ಲ. ಅವುಗಳ ಕೆಳಗೆ ಕಲ್ಲಿನ ದನಿಯಿತ್ತು.

ಬೀಸುಕಲ್ಲಿನ ದನಿ ತಂಬೂರಿಯಂತೆ ನಿರ್ಮಲವಾದುದಲ್ಲ. ಮೇಲುಕಲ್ಲು ಒಂದು ಸುತ್ತು ಬರುವಾಗ ಅದು ಸ್ವಲ್ಪ ಉಬ್ಬುತ್ತದೆ, ಸ್ವಲ್ಪ ತಗ್ಗುತ್ತದೆ. ಆದರೂ ಒಟ್ಟಾರೆ ಕಿವಿಗೆ ನಿಲ್ಲುವುದು ಒಂದು ಗುಂಯ್‌ಗುಟ್ಟುವ ಆಧಾರಸ್ವರ. ಬಾಯಿಗೆ ಹಿಡಿ ಕಾಳು ಬಿದ್ದಾಗ ದನಿ ಮಂದವಾಗುತ್ತದೆ. ಕಾಳು ತೀರುತ್ತ ಬಂದಂತೆ ಕಲ್ಲಿಗೆ ಕಲ್ಲು ತಗುಲಿ ಒರಟಾಗುತ್ತದೆ. ಬೀಸುವವಳು ಕಣ್ಣಿನಿಂದ ನೋಡಬೇಕಾಗಿಲ್ಲ. ನಸುಕಿನ ಕತ್ತಲೆಯಲ್ಲಿ ಮತ್ತೊಂದು ಹಿಡಿ ಹಾಕಬೇಕೆಂಬುದನ್ನು ಆ ದನಿಯೇ ತಿಳಿಸುತ್ತದೆ. ಆದುದರಿಂದ ಅವಳು ಹಾಡುತ್ತಿರುವಾಗಲೆಲ್ಲ ಕೇಳುತ್ತಲೂ ಇರುತ್ತಾಳೆ. ಹಾಡು ಕೆಲಸದ ಬೇಸರವನ್ನು ಮರೆಯುವುದಕ್ಕೆ ಎಂಬ ವಿವರಣೆ ನಮ್ಮಲ್ಲಿ ಪ್ರಚಲಿತವಾಗಿದೆ. ಅದು ಪೂರ್ತಿ ತಪ್ಪಲ್ಲ. ಆದರೆ ಕಲ್ಲಿನ ದನಿಯನ್ನು ಮರೆತವಳು ಬೀಸಲಾರಳು. ಮರೆಯದೆ ಅದರ ಜೊತೆಗೆ ಹಾಡುವುದೇ ಇಲ್ಲಿಯ ಕಲೆ.

ಧಾರವಾಡದ ಕಡೆಯ ಹಳ್ಳಿಯೊಂದರಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರಿಂದ ಬೀಸುವ ಪದಗಳನ್ನು ಹಾಡಿಸಲು ಹೋಗಿದ್ದೆ. ಮನೆಯಲ್ಲಿ ಬೀಸುವ ರೂಢಿ ತಪ್ಪಿ ಎಷ್ಟೋ ವರ್ಷಗಳಾಗಿದ್ದವು. ಹಿಟ್ಟು ಗಿರಣಿಯಿಂದ ಬರುತ್ತಿತ್ತು. ಕಟ್ಟೆಯ ಮೇಲೆ ಕೂರಿಸಿ ಹಾಡಿರೆಂದು ಕೇಳಿದಾಗ ಅವರು ಎರಡು ಬಾರಿ ಎತ್ತಿಕೊಂಡು ಎರಡು ಬಾರಿಯೂ ಬಿಟ್ಟರು. ನಾನು ಪದಗಳನ್ನು ನೆನಪಿಸಲು ಮುಂದಾದೆ. ಅವರು ಕೈ ಅಡ್ಡ ಹಿಡಿದು, “ಪದಾ ಮರತಿಲ್ಲವಾ. ಕಲ್ಲ ದನಿ ಕೊಡಲಾರದ ನಾ ಎಲ್ಲಿಂದ ಎತ್ತಲಿ?” ಎಂದರು. ಆಮೇಲೆ ಹಿತ್ತಿಲಲ್ಲಿ ಮಗುಚಿ ಹಾಕಿದ್ದ ಕಲ್ಲನ್ನು ಮೊಮ್ಮಕ್ಕಳು ಉರುಳಿಸಿ ತಂದರು. ಒಂದು ಹಿಡಿ ಜೋಳ ಹಾಕಿ ಗೂಟ ಹಿಡಿದು ತಿರುಗಿಸಿದ ಮೇಲೆ ನಾಲ್ಕನೆಯ ಸುತ್ತಿಗೆ ಅವರು ತಡೆಯಿಲ್ಲದೆ ಎತ್ತಿಕೊಂಡರು.

ಅಂದು ಕೇಳಿದ ಪದಗಳಲ್ಲಿ ಹೆಚ್ಚಿನವು ತವರಿಗೆ ಸಂಬಂಧಿಸಿದವು. ಪ್ರತಿ ಪದದ ಕೊನೆಯ ಅಕ್ಷರವನ್ನು ಅಜ್ಜಿ ಕಲ್ಲಿನ ಸ್ವರಕ್ಕೆ ಇಳಿಸಿ ಎಳೆಯುತ್ತಿದ್ದರು. ಎಷ್ಟು ಹೊತ್ತು ಎಳೆಯುತ್ತಿದ್ದರೆಂದರೆ ಅವರ ಕಂಠ ಎಲ್ಲಿ ಮುಗಿಯಿತು, ಕಲ್ಲು ಎಲ್ಲಿ ಉಳಿಯಿತು ಎಂಬುದನ್ನು ಮುದ್ರಣದಲ್ಲಿ ಇಂದಿಗೂ ನಾನು ಗುರುತಿಸಲಾರೆ. ಪದವೊಂದು ತವರನ್ನು ನೆನೆಯುತ್ತ ಮೇಲಕ್ಕೆ ಹೋಗುತ್ತದೆ. ಕೊನೆಗೆ ಅತ್ತೆಮನೆಯ ಕಲ್ಲಿನ ದನಿಯಲ್ಲಿ ಬಂದು ಕರಗುತ್ತದೆ. ಹೋಗುವುದೂ ಮರಳುವುದೂ ಹೆಣ್ಣಿನ ಬದುಕಿನ ಕ್ರಮವೇ ಆಗಿದ್ದ ಸಮಾಜದಲ್ಲಿ ಈ ಇಳಿತವನ್ನು ಬರಿಯ ಧಾಟಿಯ ಮುಕ್ತಾಯವೆಂದು ಕರೆಯುವುದು ಸಾಲದು. ಪದದ ಸಾಹಿತ್ಯದಲ್ಲಿ ಎಲ್ಲಿಯೂ ಹೇಳದ ಮಾತನ್ನು ಆ ಕೊನೆಯ ಸ್ವರ ಹೇಳುತ್ತಿದೆ. ಅಚ್ಚಿನಲ್ಲಿ ಆ ಜಾಗದಲ್ಲಿರುವುದು ಒಂದು ಪೂರ್ಣವಿರಾಮ.

5

ಮೂರನೆಯದು ಚೌಡಿಕೆ. ಸವದತ್ತಿಯ ಯಲ್ಲಮ್ಮನ ಪರಂಪರೆಯ ಜೋಗತಿಯರು, ಜೋಗಪ್ಪಗಳು ನುಡಿಸುವ ಈ ವಾದ್ಯಕ್ಕೆ ಒಂದೇ ತಂತಿ. ಕೊಳವೆಯಾಕಾರದ ಮರದ ಪಾತ್ರೆಯ ಒಂದು ಬದಿಗೆ ಚರ್ಮ ಬಿಗಿದು, ಅದರ ನಡುವಿನಿಂದ ತಂತಿಯನ್ನು ಎಳೆದು ತರುತ್ತಾರೆ. ಆ ತಂತಿಯ ಬಿಗುವನ್ನು ಹೆಚ್ಚು ಕಡಿಮೆ ಮಾಡುತ್ತ ಇನ್ನೊಂದು ಕೈಯಿಂದ ಮೀಟಲಾಗುತ್ತದೆ. ಆದುದರಿಂದ ಚೌಡಿಕೆಯಲ್ಲಿ ತಂತಿ ಒಂದೇ ಆದರೂ ಸ್ವರ ನಿಂತಲ್ಲಿ ನಿಲ್ಲುವುದಿಲ್ಲ. ಅದು ಮೇಲೆ ಕೆಳಗೆ ಜಾರುತ್ತದೆ, ಕೆಲವೊಮ್ಮೆ ಮಾತಿನ ಏರಿಳಿತವನ್ನೇ ಅನುಕರಿಸುತ್ತದೆ. ಜೊತೆಗೆ ಶ್ರುತಿಗಾಗಿ ತುಂತುಣಿ ಇರುತ್ತದೆ.

ಈ ಉದಾಹರಣೆಯನ್ನು ತರುವುದಕ್ಕೆ ಕಾರಣ, ಅದು ನನ್ನ ವಾದಕ್ಕೆ ಒಂದು ಮಿತಿಯನ್ನು ಹಾಕುತ್ತದೆ ಎಂಬುದು. ‘ಒಂದು ತಂತಿ’ ಎಂಬುದನ್ನು ‘ಒಂದು ಸ್ವರ’ ಎಂದು ತಪ್ಪು ತಿಳಿಯಬಾರದು. ‘ಒಂದು ಸ್ವರ’ ಎಂಬುದನ್ನು ‘ಒಂದೇ ಕಂಪನ’ ಎಂದೂ ತಿಳಿಯಬಾರದು. ಮೀಟಿದ ಯಾವ ತಂತಿಯಲ್ಲಿಯೂ ಮೂಲಸ್ವರದೊಡನೆ ಅದರ ಉಪಸ್ವರಗಳು ಕೂಡಿರುತ್ತವೆ. ಶ್ರುತಿಗೂಡಿದ ತಂಬೂರಿಯಲ್ಲಿ ಯಾರೂ ಮೀಟದ ಗಾಂಧಾರ ಕೇಳಿಸುವುದು ಗಾಯಕರೆಲ್ಲರ ಅನುಭವ. ಸಿ.ವಿ. ರಾಮನ್ ಅವರು 1921ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತಂಬೂರಿ ಮತ್ತು ವೀಣೆಗಳ ವೈಶಿಷ್ಟ್ಯವನ್ನು ಚರ್ಚಿಸಿದ್ದಾರೆ. ಮೀಟಿದ ಬಿಂದು ಯಾವ ಉಪಸ್ವರಗಳಿಗೆ ಕಂಪಿಸದ ತಾಣವೋ ಆ ಉಪಸ್ವರಗಳು ಕೇಳಿಸಬಾರದೆಂಬುದು ತಂತಿಗಳ ಸಾಮಾನ್ಯ ನಿಯಮ. ಈ ವಾದ್ಯಗಳಲ್ಲಿ ಅವೂ ಕೇಳಿಬರುತ್ತವೆ. ಅದಕ್ಕೆ ಕಾರಣ ತಂತಿ ಹಾಯುವ ಅಗಲವಾದ, ತುಸು ಬಾಗಿದ ಕುದುರೆಯ ರಚನೆ. ಒಂದು ಸ್ವರವೆಂದು ನಾವು ಎಣಿಸುವುದರೊಳಗೆ ಇಷ್ಟೆಲ್ಲ ಚಲನೆಯಿದೆ. ‘ಒಂದು’ ಎಂಬ ಎಣಿಕೆ ಕಿವಿಯದಲ್ಲ, ಸ್ವರಲಿಪಿಯದು.

ಚೌಡಿಕೆಯ ಪದಗಳಲ್ಲಿ ಇದರ ಅರ್ಥವಂತಿಕೆ ಬೇರೆ ರೀತಿಯದು. ತುಂತುಣಿ ತನ್ನ ಸ್ವರವನ್ನು ಬಿಡದೆ ಹಿಡಿದಿರುತ್ತದೆ. ಚೌಡಿಕೆ ಅದರಿಂದ ಜಾರಿ ದೂರ ಹೋಗಿ ಮತ್ತೆ ಬಂದು ಕೂಡುತ್ತದೆ. ಹಾಡುವವರು ಕಥೆಯ ರೇಣುಕೆಯ ಮಾತನ್ನು ಹೇಳುತ್ತಿದ್ದಾರೆಯೋ ತಮ್ಮ ಮಾತನ್ನೇ ಹೇಳುತ್ತಿದ್ದಾರೆಯೋ ಎಂಬುದು ಎಷ್ಟೋ ವೇಳೆ ಸಾಹಿತ್ಯದಿಂದ ತಿಳಿಯುವುದಿಲ್ಲ. ನಾನು ಕೇಳಿದ ಮೇಳಗಳಲ್ಲಿ, ಕಥೆಯ ಮಾತು ಬಂದಾಗ ಚೌಡಿಕೆ ತುಂತುಣಿಗೆ ಹತ್ತಿರವಿರುತ್ತಿತ್ತು. ಗಾಯಕಿ ಎದುರಿಗಿದ್ದ ಹೆಂಗಸರ ಕಡೆ ತಿರುಗಿ ತನ್ನದೇ ಆದ ಮಾತನ್ನು ಸೇರಿಸುವಾಗ ಅದು ಜಾರತೊಡಗುತ್ತಿತ್ತು. ದೇವಿಯ ದನಿ, ಹಾಡುವವಳ ದನಿ ಎಂಬ ಭೇದವನ್ನು ಕೇಳುಗರು ಗುರುತಿಸುತ್ತಿದ್ದುದು ಈ ದೂರದಿಂದ. ನಿಂತ ಒಂದು ಸ್ವರ ಇಲ್ಲದಿದ್ದರೆ ಜಾರುವ ಸ್ವರಕ್ಕೆ ಅರ್ಥವೇ ಇರುತ್ತಿರಲಿಲ್ಲ.

6

ಇಷ್ಟನ್ನು ಗಮನಿಸಿದ ಮೇಲೆ ನಮ್ಮ ವಿಮರ್ಶೆಯ ಎರಡು ಅಳತೆಗೋಲುಗಳ ಪ್ರಶ್ನೆಗೆ ಬರಬೇಕು. ಹಿಂದುಸ್ತಾನಿ ಸಂಗೀತದ ಕಿರಾಣಾ ಘರಾಣೆ ನಮ್ಮ ಧಾರವಾಡ ಸೀಮೆಯಲ್ಲಿ ಬೇರೂರಿತು. ಅಬ್ದುಲ್ ಕರೀಂ ಖಾನರ (1872–1937) ಶಿಷ್ಯ ಸವಾಯಿ ಗಂಧರ್ವರು, ಅವರ ಶಿಷ್ಯರಾದ ಗಂಗೂಬಾಯಿ ಹಾನಗಲ್ (1913–2009), ಭೀಮಸೇನ ಜೋಶಿ (1922–2011) ಇವರ ಗಾಯನವನ್ನು ಕುರಿತು ಬರೆದವರೆಲ್ಲರೂ ಒಂದೊಂದೇ ಸ್ವರವನ್ನು ಬೆಳೆಸುವ ಅವರ ಪದ್ಧತಿಯನ್ನು ಕೊಂಡಾಡಿದ್ದಾರೆ. ಷಡ್ಜದ ಮೇಲೆ ದೀರ್ಘಕಾಲ ನಿಲ್ಲುವುದನ್ನು ಸಿದ್ಧಿ ಎಂದಿದ್ದಾರೆ. ಆ ಪ್ರಶಂಸೆ ನ್ಯಾಯವಾದುದು. ಆದರೆ ಅದೇ ಸೀಮೆಯಲ್ಲಿ, ಅದೇ ಕಾಲದಲ್ಲಿ, ಬೀಸುಕಲ್ಲಿನ ಮುಂದೆ ಕುಳಿತು ಒಂದು ಸ್ವರದ ಮೇಲೆ ಅಷ್ಟೇ ದೀರ್ಘವಾಗಿ ನಿಂತ ಹೆಂಗಸಿನ ಗಾಯನಕ್ಕೆ ನಾವು ಬಳಸಿದ ಪದ ಏಕತಾನತೆ. ಅಲ್ಲಿ ನಿಲ್ಲುವುದು ಸಾಧನೆ, ಇಲ್ಲಿ ನಿಲ್ಲುವುದು ಮುಂದೆ ಹೋಗಲಾರದ ಅಶಕ್ತಿ. ಇವೆರಡೂ ಒಂದೇ ಎಂದು ಹೇಳುತ್ತಿಲ್ಲ. ಖಯಾಲ್ ಗಾಯಕರ ಷಡ್ಜ ರಾಗದ ಕಡೆಗೆ ತೆರೆದಿರುತ್ತದೆ. ಬೀಸುವವಳ ಸ್ವರ ಕಲ್ಲಿನ ಕಡೆಗೆ, ಕಾಳಿನ ಕಡೆಗೆ, ಎದುರಿಗೆ ಕುಳಿತು ಕೈಗೂಡಿಸಿದ ಓರಗಿತ್ತಿಯ ಕಡೆಗೆ ತೆರೆದಿರುತ್ತದೆ. ಇವು ಬೇರೆ ಬೇರೆ ಉದ್ದೇಶಗಳು, ಒಂದೇ ಏಣಿಯ ಮೇಲು ಕೆಳಗಿನ ಮೆಟ್ಟಿಲುಗಳಲ್ಲ.

ಹಾಗೆಂದು ಒಂದು ಸ್ವರದಲ್ಲಿ ಹಾಡಿದ್ದೆಲ್ಲವೂ ಶಕ್ತವಾದುದೆಂದು ವಾದಿಸುವುದು ವಿಮರ್ಶೆಯಾಗಲಾರದು. ದಣಿದ ಮೇಳಗಳನ್ನು, ಸಮಯ ತುಂಬಿಸಲು ಎಳೆಯುವ ಗಾಯನವನ್ನು, ಸ್ಪರ್ಧೆಯ ವೇದಿಕೆಯ ಹತ್ತು ನಿಮಿಷಗಳಲ್ಲಿ ಸತ್ತುಹೋದ ಶ್ರುತಿಯನ್ನು ನಾವೆಲ್ಲರೂ ಕೇಳಿದ್ದೇವೆ. ಜೀವಂತ ಏಕಸ್ವರವನ್ನು ಜಡವಾದುದರಿಂದ ಬೇರ್ಪಡಿಸಲು ಮೂರು ಪ್ರಶ್ನೆಗಳನ್ನು ಕೇಳಬಹುದು. ಆ ಸ್ವರದ ಮೇಲೆ ನಿಂತ ಪದಗಳ ತೂಕ ಒಂದರಿಂದ ಇನ್ನೊಂದಕ್ಕೆ ಬದಲಾಗುತ್ತಿದೆಯೇ? ಗಾಯನ ಆ ಸ್ವರವನ್ನು ಬಿಟ್ಟು ಹೋಗುವುದಕ್ಕೂ ಅದಕ್ಕೆ ಮರಳುವುದಕ್ಕೂ ಕಥೆಯಲ್ಲಿ ಅಥವಾ ಕೆಲಸದಲ್ಲಿ ಕಾರಣವಿದೆಯೇ? ಗಾಯಕರ ಹೊರತಾಗಿ ಇನ್ನೊಬ್ಬರು ಅಥವಾ ಇನ್ನೊಂದು ಆ ಸ್ವರದಲ್ಲಿ ಪಾಲ್ಗೊಂಡಿದೆಯೇ? ಮೂರಕ್ಕೂ ಇಲ್ಲ ಎಂಬ ಉತ್ತರ ಬಂದರೆ ಏಕತಾನತೆ ಎಂಬ ಪದವನ್ನು ಅದರ ಇಂದಿನ ಅರ್ಥದಲ್ಲಿ ನಿಸ್ಸಂಕೋಚವಾಗಿ ಬಳಸಬಹುದು.

ವಿದ್ಯುನ್ಮಾನ ಶ್ರುತಿಪೆಟ್ಟಿಗೆಯ ಬಗೆಗಿನ ಚರ್ಚೆಯನ್ನೂ ಈ ಪ್ರಶ್ನೆಗಳ ಬೆಳಕಿನಲ್ಲಿ ನಡೆಸುವುದು ಒಳ್ಳೆಯದು. ಯಕ್ಷಗಾನದಲ್ಲಿ ಹಿಂದೆ ಶ್ರುತಿಗೆ ಪುಂಗಿಯನ್ನು ಬಳಸುತ್ತಿದ್ದರು. ಅದರ ಜಾಗಕ್ಕೆ ಹಾರ್ಮೋನಿಯಂ ಬಂದಿತು, ಈಗ ಪೆಟ್ಟಿಗೆಯೂ ಬಂದಿದೆ. ಬಸ್ಸಿನಲ್ಲಿ ಊರೂರು ಸುತ್ತುವ ಕಲಾವಿದರಿಗೆ ಅದು ಅನುಕೂಲ. ಹಳೆಯದು ಹೋಯಿತೆಂದು ಮರುಗುವುದಷ್ಟೇ ನಮ್ಮ ಕೆಲಸವಲ್ಲ. ಆದರೆ ಒಂದು ವ್ಯತ್ಯಾಸವನ್ನು ದಾಖಲಿಸಬೇಕು. ತಂಬೂರಿ ಮೀಟಿದಾಗಲೆಲ್ಲ ಹೊಸದಾಗಿ ಹುಟ್ಟುತ್ತದೆ, ಮೀಟದಿದ್ದರೆ ಕ್ಷೀಣಿಸುತ್ತದೆ. ಪುಂಗಿ ಊದುವವನ ಉಸಿರನ್ನು ಅವಲಂಬಿಸಿದೆ. ಕಲ್ಲು ಕಾಳಿಗೆ ಸ್ಪಂದಿಸುತ್ತದೆ. ಪೆಟ್ಟಿಗೆ ಯಾವುದಕ್ಕೂ ಸ್ಪಂದಿಸುವುದಿಲ್ಲ. ಗಾಯಕ ಅತ್ತರೂ ನಿಂತರೂ ಅದು ಒಂದೇ ಸಮನೆ ಇರುತ್ತದೆ. ಎತ್ತರದಲ್ಲಿ ವ್ಯತ್ಯಾಸವಿಲ್ಲದಿದ್ದರೂ ಪಾಲ್ಗೊಳ್ಳುವಿಕೆಯಲ್ಲಿ ಇದೆ.

7

ಈ ಚರ್ಚೆಯಿಂದ ಸಂಗ್ರಹಕಾರ್ಯಕ್ಕೆ ಹೊರಡುವ ಸೂಚನೆಗಳು ಸರಳವಾದವು. ಧ್ವನಿಮುದ್ರಣವನ್ನು ಮೊದಲ ಪದದಿಂದಲ್ಲ, ಮೊದಲ ಮೀಟಿನಿಂದ ಆರಂಭಿಸಬೇಕು. ಕೊನೆಯ ಪದದ ನಂತರದ ಶ್ರುತಿ ಆರುವ ವರೆಗೂ ನಿಲ್ಲಿಸಬಾರದು. ಲಿಪ್ಯಂತರದಲ್ಲಿ ಧಾಟಿ ನಿಂತು ಏಕಸ್ವರ ನಿರೂಪಣೆ ಬರುವ ಭಾಗಗಳನ್ನು, ಎಳೆತದ ಅಕ್ಷರಗಳನ್ನು, ಹಿಮ್ಮೇಳ ಮೌನವಾಗುವ ಸ್ಥಳಗಳನ್ನು ಗುರುತಿಸಲು ಚಿಹ್ನೆಗಳನ್ನು ರೂಪಿಸಿಕೊಳ್ಳಬೇಕು. ಕೆಲಸದ ಹಾಡುಗಳನ್ನು ಸಾಧ್ಯವಿರುವಲ್ಲೆಲ್ಲ ಕೆಲಸದ ಸಲಕರಣೆಯೊಡನೆ ಮುದ್ರಿಸಬೇಕು. ಹಳೆಯ ಸಂಗ್ರಹಗಳ ಮೂಲ ಕ್ಯಾಸೆಟ್ಟುಗಳನ್ನು ಡಿಜಿಟಲ್ ರೂಪಕ್ಕೆ ತರುವಾಗ ‘ಗದ್ದಲ’ವೆಂದು ಕಲ್ಲಿನ ದನಿಯನ್ನೂ ಶ್ರುತಿಯನ್ನೂ ತೆಗೆದುಹಾಕುವ ಪರಿಪಾಠವನ್ನು ನಿಲ್ಲಿಸಬೇಕು. ಹೆಚ್ಚು ವೆಚ್ಚವಾಗಲಿ ವಿಶೇಷ ತಜ್ಞತೆಯಾಗಲಿ ಇವುಗಳಿಗೆ ಬೇಕಿಲ್ಲ. ಬೇಕಿರುವುದು ಹಾಡು ಎಲ್ಲಿಂದ ಆರಂಭವಾಗುತ್ತದೆ ಎಂಬ ಬಗ್ಗೆ ಹಾಡುವವರ ತಿಳಿವಳಿಕೆಯನ್ನು ಒಪ್ಪಿಕೊಳ್ಳುವುದು.

ಚಿಕ್ಕಲ್ಲೂರಿನ ಆ ಹಿರಿಯ ನೀಲಗಾರರು ಈಗಿಲ್ಲ. ಅವರ ಸಾಲುಗಳು ನನ್ನ ಪ್ರಬಂಧದ ಅನುಬಂಧದಲ್ಲಿವೆ, ಅಕ್ಷರ ತಪ್ಪಿಲ್ಲದೆ ಇವೆ. ಮೊದಲ ಕ್ಯಾಸೆಟ್ಟನ್ನು ಹಾಕಿದರೆ ಒತ್ತಿದ ಗುಂಡಿಯ ‘ಟಕ್’ ಸದ್ದು ಕೇಳಿಸುತ್ತದೆ, ಒಡನೆಯೇ ಮೊದಲ ಪದ ಬರುತ್ತದೆ. ತಂಬೂರಿ ಅಷ್ಟರಲ್ಲಾಗಲೇ ಕೂಡಿದೆ. ಅದು ಹೇಗೆ ಕೂಡಿತು, ಎಷ್ಟು ಹೊತ್ತಿಗೆ ಕೂಡಿತು, ಕೂಡಿದೊಡನೆ ಸುತ್ತ ಕುಳಿತಿದ್ದವರು ಏನು ಮಾಡಿದರು ಎಂಬುದು ಅದರಲ್ಲಿಲ್ಲ. ಸಂಶೋಧಕಿಯಾಗಿ ನಾನು ಉಳಿಸಿಕೊಂಡದ್ದಕ್ಕಿಂತ ಬಿಟ್ಟದ್ದು ದೊಡ್ಡದೆಂದು ಹೇಳಲಾರೆ. ಆದರೆ ಬಿಟ್ಟದ್ದನ್ನು ‘ಏಕತಾನತೆ’ ಎಂದು ಕರೆದುದು ತಪ್ಪು. ಆ ವಾಕ್ಯವನ್ನು ಇಲ್ಲಿ ಹಿಂತೆಗೆದುಕೊಂಡಿದ್ದೇನೆ.